ಅಮ್ರಿಕಿ ಕೋವಿಯ ಸ್ಪ್ರಿಂಗು

ಮಕ್ಕಾದಿಂದ ಘಾಟಿ ಹತ್ತಿ ತಾಯಿಫಿಗೆ ಬಂದರೆ, ಅಲ್ಲಿಯ ಗುಡ್ಡದ ಊರುಗಳಲ್ಲಿ ಕೋವಿ ಇಲ್ಲದೆ ಮದುವೆ ಇಲ್ಲ. ಕೋವಿ ಎಂದರೆ ತೋಟೆ ಹಾಕುವ ಈಗಿನ ಕೋವಿ ಅಲ್ಲ. ಬಾಯಿಯಿಂದ ಮದ್ದು ಸುರಿದು, ಗಜದ ಕೋಲಿನಿಂದ ಜಡಿದು, ಪೆಟ್ಟು ಬಿದ್ದರೆ ಸಿಡಿಯುವ ಕೇಪು ಇಟ್ಟು ಹೊಡೆಯುವಂಥದ್ದು. ನಮ್ಮ ಊರಲ್ಲಿ ಕಾಡುಹಂದಿ ಓಡಿಸಲು ಇಟ್ಟುಕೊಳ್ಳುತ್ತಿದ್ದ ಕೇಪಿನ ಕೋವಿಯ ಜಾತಿಯೇ. ಮದುವೆಯಲ್ಲಿ ಗುಂಡು ಹಾಕುವುದಿಲ್ಲ, ಬರೀ ಮದ್ದು. ಇಳಿಹಗಲಿನ ಅಸರ್ ನಮಾಜು ಮುಗಿದ ಮೇಲೆ ಗಂಡಸರು ಸಾಲಾಗಿ ನಿಲ್ಲುತ್ತಾರೆ. ಒಬ್ಬೊಬ್ಬನೇ ಓಡಿ ಬಂದು ಹಾರುತ್ತಾನೆ, ಕಾಲು ನೆಲ ಬಿಟ್ಟಿರುವಾಗಲೇ ಕೋವಿಯ ಬಾಯಿಯನ್ನು ತನ್ನ ಕೆಳಗಿನ ನೆಲಕ್ಕೆ ತಿರುಗಿಸಿ ಹೊಡೆಯುತ್ತಾನೆ. ಬೆಂಕಿಯೂ ಹೊಗೆಯೂ ಎದ್ದು ಅವನನ್ನು ಮೇಲಕ್ಕೆತ್ತಿ ಹಿಡಿದ ಹಾಗೆ ಕಾಣುತ್ತದೆ. ಇದಕ್ಕೆ ತಅಶೀರ್ ಎನ್ನುತ್ತಾರೆ. ಹಾರಿದವನ ಕೋವಿ ಸಿಡಿಯಲಿಲ್ಲ ಎಂದರೆ ಅವನು ಸುಮ್ಮನೆ ಕಪ್ಪೆಯಂತೆ ಕುಪ್ಪಳಿಸಿದ ಹಾಗಾಯಿತು. ಮುಂದಿನ ಮದುವೆಯವರೆಗೂ ಆ ಮನೆಯವರನ್ನು ಆಡಿಕೊಳ್ಳುತ್ತಾರೆ.

ಅಂಥ ಕೋವಿಗಳನ್ನು ರಿಪೇರಿ ಮಾಡುವ, ಲೈಸೆನ್ಸು ಇದ್ದ ಅಂಗಡಿಯೊಂದರಲ್ಲಿ ನಾನು ಕೆಲಸಕ್ಕಿದ್ದೆ. ನಾನು ಬಂಟ್ವಾಳದ ಕಡೆಯವನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಮರದ ಮಿಲ್ಲಿಗೆ ಸೇರಿದೆ. ಮಿಲ್ಲಿನ ಪಕ್ಕದ ಕಮ್ಮಾರಸಾಲೆಯ ಆಚಾರಿಯ ಕೈಕೆಳಗೆ ಕಬ್ಬಿಣದ ಕೆಲಸವನ್ನೂ ಕಲಿತೆ. ಯಾರೂ ಕರೆದು ಕಲಿಸಿದ್ದಲ್ಲ. ಮಿಲ್ಲಿನ ಊಟದ ಬಿಡುವಿನಲ್ಲಿ ಹೋಗಿ ತಿದಿ ಒತ್ತಿ ಒತ್ತಿ ಕಲಿತದ್ದು.

ಸೌದಿಗೆ ಬಂದಾಗ ಮೊದಲು ಸಿಕ್ಕಿದ್ದು ರಾಬಿಗ್. ರಿಫೈನರಿಯ ಕಟ್ಟೋಣದಲ್ಲಿ ಸೆಂಟ್ರಿಂಗ್ ಬಡಗಿ. ಸಮುದ್ರದ ಬದಿಯ ಆ ಸೆಕೆಯಲ್ಲಿ ಹಲಗೆ ಹೊತ್ತು, ಮೊಳೆ ಹೊಡೆದು, ಮೊಳೆ ಕಿತ್ತು ವರ್ಷಗಳು ಹೋದವು. ಅಲ್ಲಿ ನನ್ನ ಬಲದ ಭುಜ ಒಂದು ಸಲ ಜಾರಿತು. ಎತ್ತಿ ಕೂರಿಸಿದರು. ಆಮೇಲೆ ಅದು ಮೊದಲಿನ ಹಾಗೆ ಆಗಲೇ ಇಲ್ಲ. ಭುಜದ ನೋವಿಗಿಂತ ಹೆಚ್ಚು ಸಂಕಟ ಬೇರೆ. ನಾವು ಮಾಡಿದ್ದನ್ನೆಲ್ಲ ಕಾಂಕ್ರೀಟು ಒಣಗಿದ ಕೂಡಲೇ ಒಡೆದು ಬಿಸಾಡುತ್ತಿದ್ದರು. ನನ್ನ ಕೈಯ ಕೆಲಸ ಎಂದು ತೋರಿಸಲು ಒಂದು ಹಲಗೆಯೂ ಉಳಿಯುತ್ತಿರಲಿಲ್ಲ.

ಒಂದು ರಜೆಯಲ್ಲಿ ಮಕ್ಕಾದ ಉಮ್ರಾ ಯಾತ್ರೆ ಮುಗಿಸಿ, ತಾಯಿಫಿನಲ್ಲಿದ್ದ ಪರಿಚಯದವನ ಕೋಣೆಗೆ ಹೋಗಿದ್ದೆ. ಪೇಟೆಯ ಹಿಂದಿನ ಓಣಿಯಲ್ಲಿ ಒಬ್ಬ ಮುದುಕ ಬಿರುಕು ಬಿಟ್ಟ ಕೋವಿಯ ಮರದ ಹಿಡಿಗೆ ತಂತಿ ಸುತ್ತುತ್ತಿದ್ದ. ನನಗೆ ನೋಡಿ ತಡೆಯಲಾಗಲಿಲ್ಲ. ಅವನ ಕೈಯಿಂದ ತೆಗೆದುಕೊಂಡು, ಬಿರುಕಿನೊಳಗೆ ಮರದ ಬೆಣೆ ಕೂರಿಸಿ, ಗೆರೆ ಕಾಣದ ಹಾಗೆ ಸಮ ಮಾಡಿ ಕೊಟ್ಟೆ. ಆ ಮುದುಕ ನನ್ನ ಕಫೀಲ್, ಅಂದರೆ ವೀಸಾಕ್ಕೆ ಹೊಣೆ ನಿಲ್ಲುವ ಯಜಮಾನ, ಆದ. ಅವನನ್ನು ನಾನು ಬಾಬಾ ಎನ್ನುತ್ತಿದ್ದೆ. ಅವನು ನನ್ನನ್ನು ಮುಅಲ್ಲಿಮ್ ಎಂದು ಕರೆಯುತ್ತಿದ್ದ. ಮುಅಲ್ಲಿಮ್ ಎಂದರೆ ಕೆಲಸ ಬಲ್ಲವನು, ಮೇಸ್ತ್ರಿ. ಈ ದೇಶದಲ್ಲಿ ಯಾರಾದರೂ ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

ಆ ಸೀಮೆಯಲ್ಲಿ ಎಲ್ಲಕ್ಕಿಂತ ಮರ್ಯಾದೆಯ ಕೋವಿ ಎಂದರೆ 'ಅಮ್ರಿಕಿ'. ಬಾಬಾ ಗಟ್ಟಿಮುಟ್ಟಾಗಿದ್ದ ಕಾಲದಲ್ಲಿ, ಅಲ್ಲಿ ಕೆಲಸಕ್ಕಿದ್ದ ಒಬ್ಬ ಅಮೆರಿಕದ ಇಂಜಿನಿಯರು ತನ್ನ ಊರಿನ ಕಾರ್ಖಾನೆಯ ಕೋವಿಗಳನ್ನು ತರಿಸಿದ್ದನಂತೆ. ಹಳೆಯ ಕಾಲದ ಮಾದರಿಯನ್ನೇ ಹೊಸದಾಗಿ ಮಾಡುವ ಕಾರ್ಖಾನೆ ಅದು. ಎಂಟು ಮೂಲೆಯ ನಳಿಗೆ, ಆಕ್ರೋಟು ಮರದ ಹಿಡಿ, ಹಿತ್ತಾಳೆಯ ತಗಡು. ಅವನು ದೇಶ ಬಿಡುವಾಗ ಎಲ್ಲವನ್ನೂ ಒಂದು ಪೆಟ್ಟಿಗೆ ಬಿಡಿಭಾಗಗಳ ಸಮೇತ ಬಾಬಾನಿಗೆ ಕೊಟ್ಟು ಹೋದ. ಬಾಬಾನ ಕೈಯಿಂದ ಅವು ಗುಡ್ಡದ ಮನೆಮನೆಗೆ ಹೋದವು. ಅಪ್ಪನಿಂದ ಮಗನಿಗೆ ಬಂದವು.

ಅಮ್ರಿಕಿಗೆ ಒಂದೇ ಕಾಯಿಲೆ, ಕುದುರೆಯನ್ನು ಹೊಡೆಯುವ ಒಳಗಿನ ಸ್ಪ್ರಿಂಗು. ಕುದುರೆ ಎಂದರೆ ಕೇಪಿನ ಮೇಲೆ ಬೀಳುವ ಸುತ್ತಿಗೆ. ಸ್ಪ್ರಿಂಗು ಸೋತರೆ ಪೆಟ್ಟು ಮೆತ್ತಗಾಗುತ್ತದೆ, ಕೇಪು ಸಿಡಿಯುವುದಿಲ್ಲ. ನಾನು ಬರುವ ಹೊತ್ತಿಗೆ ಪೆಟ್ಟಿಗೆಯಲ್ಲಿದ್ದ ಸ್ಪ್ರಿಂಗುಗಳು ಮುಗಿದಿದ್ದವು. ಅಮೆರಿಕದ ಆ ಕಾರ್ಖಾನೆಯೂ ಮುಚ್ಚಿ ಹೋಗಿತ್ತು. ಹಾಗಾಗಿ ನಾನೇ ಮಾಡತೊಡಗಿದೆ. ಗುಜರಿಗೆ ಬಿದ್ದ ಪಿಕಪ್ಪಿನ ಸುರುಳಿ ಸ್ಪ್ರಿಂಗನ್ನು ಕೆಂಪಗೆ ಕಾಯಿಸಿ, ನೇರ ಮಾಡಿ, ಬಡಿದು ಪಟ್ಟಿ ಮಾಡಿ, ಅರ ಹಾಕಿ, ಬಗ್ಗಿಸಿ, ಎಣ್ಣೆಯಲ್ಲಿ ಅದ್ದಿ ಹದ ಕೊಡುವುದು. ಎಣ್ಣೆ ಎಂದರೆ ನನಗೆ ತೆಂಗಿನೆಣ್ಣೆಯೇ ಆಗಬೇಕು. ಅಂಗಡಿಯಲ್ಲಿ ಆ ಪರಿಮಳ ಎದ್ದರೆ ಬಾಬಾ ಮೂಗು ಮುಚ್ಚಿ, "ಮುಅಲ್ಲಿಮ್, ಕೋವಿ ಮಾಡ್ತೀಯಾ, ಮೀನು ಹುರಿತೀಯಾ?" ಎನ್ನುತ್ತಿದ್ದ.

ಜನ ಅದನ್ನು 'ಹಿಂದಿಯ ಸ್ಪ್ರಿಂಗು' ಎಂದು ಕರೆಯುತ್ತಿದ್ದರು. ಹಿಂದಿ ಎಂದರೆ ಅವರಿಗೆ ಭಾರತದವನು. ಬೇರೆ ದಾರಿ ಇಲ್ಲ ಎಂದು ಹಾಕಿಸಿಕೊಳ್ಳುತ್ತಿದ್ದರು. ಬಾಬಾ ಮಾತ್ರ ತನ್ನ ಸ್ವಂತ ಕೋವಿಗೆ ಹಾಕಿಸಿಕೊಳ್ಳಲಿಲ್ಲ. ಅದರಲ್ಲಿದ್ದದ್ದು ಅಮೆರಿಕದ ಹಳೆಯ ಸ್ಪ್ರಿಂಗೇ. ಅದು ನನಗೆ ಚುಚ್ಚುತ್ತಿತ್ತು. ಆದರೂ ಗೋಡೆಯ ಗೂಟಗಳ ತುಂಬ ಕೋವಿಗಳು ತೂಗುತ್ತಿದ್ದವು, ನನಗೆ ಅಷ್ಟು ಸಾಕಿತ್ತು.

ಆಮೇಲೆ ನಿತಾಖತ್ ಎಂಬ ಹೊಸ ಕಾನೂನಿನ ಗಲಾಟೆ ಬಂತು. ಅಂಗಡಿಯ ಕೆಲಸಗಾರರಲ್ಲಿ ಒಬ್ಬ ಸೌದಿಯವನ ಹೆಸರಾದರೂ ಇರಬೇಕು, ಇಲ್ಲದಿದ್ದರೆ ಹೊರಗಿನವನ ವಾಸದ ಪರವಾನಗಿ, ಇಕಾಮಾ, ರಿನ್ಯೂ ಆಗುವುದಿಲ್ಲ. ರಾಜಧಾನಿಯ ಬತ್ಹಾ ಪೇಟೆಯಲ್ಲಿದ್ದ ನಮ್ಮ ಊರಿನವರು ಫೋನಿನಲ್ಲಿ ಬರೀ ಇದನ್ನೇ ಹೇಳುತ್ತಿದ್ದರು, ಯಾರು ಎಕ್ಸಿಟ್ ಹೊಡೆಸಿಕೊಂಡು ಊರಿಗೆ ಹೋದರು, ಯಾರನ್ನು ಹಿಡಿದರು ಎಂದು. ಬಾಬಾನಿಗೆ ಒಬ್ಬನೇ ಮಗ. ಜಾಗದ ವ್ಯಾಪಾರ ಮಾಡುತ್ತಿದ್ದವನು. ಒಂದು ಬೆಳಿಗ್ಗೆ ಅವನು ಅಂಗಡಿಗೆ ಬಂದು ಗೋಡೆಯನ್ನು ನೋಡಿ ಹೇಳಿದ, "ಅಪ್ಪ, ಹೀಗೇ ಕೆಲಸ ಇದ್ದರೆ ನನ್ನ ಹೆಸರು ಹಾಕ್ತೇನೆ. ಕೆಲಸ ನಿಂತರೆ ಖಾಲಿ ಅಂಗಡಿಗೆ ನನ್ನ ಹೆಸರು ಯಾಕೆ? ಜನ ನಗ್ತಾರೆ."

ಮತ್ತೆ ನನ್ನ ಕಡೆ ತಿರುಗಿದ. ಹೊರಗಿನ ಕೆಲಸದವರನ್ನೆಲ್ಲ ಅವನು ಸದೀಕ್, ಗೆಳೆಯ, ಎನ್ನುತ್ತಿದ್ದ. "ನೀನು ಹೆದರಬೇಡ ಸದೀಕ್. ಅಂಗಡಿ ಮುಚ್ಚಿದರೆ ರಾಬಿಗಿನಲ್ಲಿ ನನ್ನ ಗೆಳೆಯನ ಕಂಪನಿ ಉಂಟು. ಬಡಗಿ ಬೇಕಂತೆ."

ರಾಬಿಗ್ ಎಂದ ಕೂಡಲೇ ನನ್ನ ಭುಜ ತಾನಾಗಿಯೇ ಕುಗ್ಗಿತು.

ಪೇಟೆಯಲ್ಲಿ ಭಟ್ಕಳದ ಒಬ್ಬರ ಬಟ್ಟೆ ಅಂಗಡಿ ಇತ್ತು. ಅವರು ಓದಿದವರು, ಕಂಪ್ಯೂಟರ್ ಇಟ್ಟುಕೊಂಡವರು. ನಾನು ಅವರಲ್ಲಿ ಹೋಗಿ, ಆ ಅಮೆರಿಕದ ಕಾರ್ಖಾನೆಯ ಹಳೆಯ ಸ್ಪ್ರಿಂಗು ಎಲ್ಲಿಯಾದರೂ ಸಿಗುತ್ತದೋ ನೋಡಿ ಎಂದು ಕೇಳಿಕೊಂಡೆ. ನಮೂನೆಗೆ ಒಂದು ಸಿಕ್ಕಿದರೆ ನನ್ನದನ್ನು ಇನ್ನೂ ಸುಧಾರಿಸಬಹುದು ಎಂದು ನನ್ನ ಲೆಕ್ಕ. ಅವರು ಹುಡುಕಿ, ಕನ್ನಡಕ ಮೇಲೆ ಮಾಡಿ ನನ್ನನ್ನು ನೋಡಿದರು.

"ಎಂತ ಮಾರಾಯ, ಸತ್ತಿದೆ ಅಂದದ್ದು ಎದ್ದು ಕೂತಿದೆ ಇಲ್ಲಿ!"

ಹಳೆಯ ಕಾರ್ಖಾನೆಯಲ್ಲಿ ಹುಡುಗನಾಗಿದ್ದಾಗ ಕೆಲಸ ಮಾಡಿದ ಒಬ್ಬನು, ಯಂತ್ರಗಳನ್ನೂ ಹೆಸರನ್ನೂ ಕೊಂಡು, ಅದೇ ಕೋವಿಯನ್ನು ಮತ್ತೆ ಮಾಡಲು ಶುರು ಮಾಡಿದ್ದನಂತೆ. ಫೋಟೋ ಇತ್ತು. ಬಿಳಿ ಗಡ್ಡದ ಒಬ್ಬ ಮನುಷ್ಯ ಎಂಟು ಮೂಲೆಯ ನಳಿಗೆ ಹಿಡಿದು ನಿಂತಿದ್ದ. ಬಾಬಾನ ಹಾಗೆಯೇ ಒಂದು ಕಣ್ಣು ಸಣ್ಣ ಮಾಡಿ ನೋಡುತ್ತಿದ್ದ. ನನಗೆ ಆ ಮನುಷ್ಯನ ಮೇಲೆ ಪ್ರೀತಿಯೇ ಬಂತು. ಬಿಸಿಲಲ್ಲಿ ಓಡಿಕೊಂಡೇ ಅಂಗಡಿಗೆ ಹೋದೆ. ಬಾಬಾನಿಗೆ ಹೇಳಿದೆ. ಬಾಬಾ ಎರಡು ಕೈ ಎತ್ತಿ ಅಲ್‌ಹಮ್ದುಲಿಲ್ಲಾ ಎಂದ. ಸಂಜೆಯ ಮಗ್ರಿಬ್ ನಮಾಜು ಮುಗಿಯುವುದರೊಳಗೆ ಇಡೀ ಮಸೀದಿಗೆ ಗೊತ್ತಾಗಿತ್ತು. ಎರಡು ಶುಕ್ರವಾರದ ಜುಮಾ ಕಳೆಯುವುದರೊಳಗೆ ಗುಡ್ಡಕ್ಕೆಲ್ಲ ಗೊತ್ತಾಯಿತು.

ಅಲ್ಲಿಂದ ನನ್ನ ದುರ್ದಶೆ ಶುರುವಾಯಿತು.

ಮೊದಲು ಬಂದವನು ಮದರಂಗಿ ಹಚ್ಚಿದ ಕೆಂಪು ಗಡ್ಡದ ಒಬ್ಬ ಹಿರಿಯ. ಅವನ ಕೋವಿಯ ಬೀಗವನ್ನು, ಅಂದರೆ ಕುದುರೆಯೂ ಸ್ಪ್ರಿಂಗೂ ಕೂತಿರುವ ಭಾಗವನ್ನು, ನಾನು ಬಿಚ್ಚಿಟ್ಟು, ಸ್ಪ್ರಿಂಗಿಗೆ ಅರ ಹಾಕುತ್ತಿದ್ದೆ.

"ನಿಲ್ಲಿಸು ಮುಅಲ್ಲಿಮ್. ಹಾಗೇ ಕಟ್ಟಿ ಕೊಡು."

"ಇನ್ನು ಸ್ವಲ್ಪ ಕೆಲಸ ಚಾಚಾ, ಆಯಿತು."

"ಬೇಡ. ಅಸಲಿ ಬರ್ತದಲ್ಲ ಅಮೆರಿಕದಿಂದ. ನನ್ನ ಅಪ್ಪನ ಕೋವಿ ಇದು. ಕುದುರೆಗೆ ಕತ್ತೆಯ ಕಾಲು ಜೋಡಿಸುವುದು ಯಾಕೆ?"

ಅವನಿಗೆ ನನ್ನನ್ನು ಅವಮಾನ ಮಾಡುವ ಮನಸ್ಸಿರಲಿಲ್ಲ. ಹೇಳಿ ಮುಗಿಸಿ ಖರ್ಜೂರದ ಪೊಟ್ಟಣ ಕೊಟ್ಟೇ ಹೋದ. ಆದರೆ ಅವನ ಹಿಂದೆ ಉಳಿದವರೂ ಬಂದರು. ಒಬ್ಬೊಬ್ಬರೇ ಕೋವಿ ಇಳಿಸಿಕೊಂಡು ಹೋದರು, ಕೆಲವರು ಬಿಚ್ಚಿದ ಬೀಗವನ್ನು ತಲೆವಸ್ತ್ರದಲ್ಲಿ ಕಟ್ಟಿಕೊಂಡು. ಇಷ್ಟು ವರ್ಷ ಕಾದಿದ್ದೇವೆ, ಇನ್ನಷ್ಟು ಕಾಯುತ್ತೇವೆ ಎನ್ನುತ್ತಿದ್ದರು. ಗೋಡೆಯಲ್ಲಿ ಬರೀ ಗೂಟಗಳು ಉಳಿದವು. ಸುದ್ದಿ ತಂದವನು ನಾನೇ. ಓಡಿಕೊಂಡು ಹೋಗಿ ತಂದಿದ್ದೆ.

ಭಟ್ಕಳದವರಿಂದ ಅಮೆರಿಕಕ್ಕೆ ಮೇಲ್ ಬರೆಸಿದೆ. ಇಲ್ಲಿ ನಿಮ್ಮ ಕೋವಿಗಳು ಇನ್ನೂ ಬದುಕಿವೆ, ಸ್ಪ್ರಿಂಗು ಬೇಕು ಎಂದು. ಒಂದು ಬೀಗದ ಒಳಭಾಗದ ಫೋಟೋವನ್ನೂ ಹಾಕಿಸಿದೆ. ಉತ್ತರ ಬರುವವರೆಗೆ ದಿನಾ ಅವರ ಅಂಗಡಿಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ಒಳಗೆ ಬಟ್ಟೆ ನೋಡುವ ಹೆಂಗಸರು ಇರುತ್ತಿದ್ದರು. ಭಟ್ಕಳದವರು ದೂರದಿಂದಲೇ ನನ್ನನ್ನು ನೋಡಿ, ಇಲ್ಲ ಎಂದು ತಲೆಯಾಡಿಸುತ್ತಿದ್ದರು.

ಕೊನೆಗೆ ಒಂದು ದಿನ ಕರೆದು ಕೂರಿಸಿ ಓದಿದರು. ಬಿಳಿ ಗಡ್ಡದವನು ಬಹಳ ಮರ್ಯಾದೆಯಿಂದಲೇ ಬರೆದಿದ್ದ. ತನ್ನ ಗುರುಗಳು ಮಾಡಿದ ಕೋವಿ ಅರಬಸ್ತಾನದ ಮದುವೆಯಲ್ಲಿ ಹಾರುತ್ತದೆ ಎಂದು ಕೇಳಿ ಕಣ್ಣಲ್ಲಿ ನೀರು ಬಂತಂತೆ. ಆದರೆ ದೇಶದ ಹೊರಗೆ ಒಂದು ತಿರುಪನ್ನೂ ಕಳಿಸುವಂತಿಲ್ಲ, ಪರವಾನಗಿ ಇಲ್ಲ, ಮುಂದೆಯೂ ಆಗುವ ಹಾಗಿಲ್ಲ. ಕಡೆಯ ಸಾಲು ಓದುವಾಗ ಭಟ್ಕಳದವರು ನಕ್ಕರು.

"ಫೋಟೋದಲ್ಲಿರುವ ಸ್ಪ್ರಿಂಗು ಚೆನ್ನಾಗಿಯೇ ಇದೆಯಲ್ಲ, ಅದು ನಮ್ಮ ಹಳೆಯ ಮಾಲೇ ಅಲ್ಲವಾ ಅಂತ ಕೇಳ್ತಿದ್ದಾನೆ."

"ಅದು ನಾನು ಮಾಡಿದ್ದು."

"ಹೌದಾ? ಹಾಗಾದ್ರೆ ನಗು ಮಾರಾಯ, ಯಾಕೆ ಅಳುವ ಮುಖ?"

ನಗು ಬರಲಿಲ್ಲ. ಬಾಬಾನಿಗೆ ಹೋಗಿ ಹೇಳಿದೆ. ಬಾಬಾ ನಂಬಲಿಲ್ಲ. "ಹಿಂದಿ ಬರೆದರೆ ಅವರು ಹಾಗೇ ಹೇಳ್ತಾರೆ. ನನ್ನ ಮಗ ಬರೆದರೆ ಕಳಿಸ್ತಾರೆ," ಎಂದ. ಮಗ ಬರೆಯಲೇ ಇಲ್ಲ. ಗಿರಾಕಿಗಳಿಗೆ ನಾನೇ ಹೇಳಿ ನೋಡಿದೆ, ಬರುವುದಿಲ್ಲ, ಕಾಯಬೇಡಿ ಎಂದು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವನಿಗೆ ಹೊಟ್ಟೆಕಿಚ್ಚು, ತನ್ನ ಮಾಲು ಹೋಗುವುದಿಲ್ಲವಲ್ಲ ಎಂಬ ನೋಟ. ಆ ನೋಟ ನೋಡಿದ ಮೇಲೆ ನಾನು ಬಾಯಿ ಬಿಡಲಿಲ್ಲ. ಬೇಡುವುದು ನನ್ನ ಜಾಯಮಾನದಲ್ಲೇ ಇಲ್ಲ.

ಕೆಲಸವಿಲ್ಲದೆ ಕೂರುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಗುಡಿಸಿದ್ದನ್ನೇ ಗುಡಿಸುತ್ತಿದ್ದೆ. ಅರಗಳನ್ನು ಬ್ರಷ್ಷಿನಿಂದ ಉಜ್ಜಿ ಉಜ್ಜಿ ಇಡುತ್ತಿದ್ದೆ. ಹೊರಗೆ ಬಿಳಿ ಕಾರು ನಿಂತರೆ ಇಕಾಮಾ ಪರೀಕ್ಷಿಸುವ ಜವಾಝಾತಿನ ಪೊಲೀಸರು ಬಂದರೆಂದು ಎದ್ದು ನಿಲ್ಲುತ್ತಿದ್ದೆ. ಮನೆಯವಳು ಫೋನಿನಲ್ಲಿ, "ಸುತ್ತಿಗೆಯ ಶಬ್ದ ಕೇಳುವುದೇ ಇಲ್ಲವಲ್ಲ ಈಗ, ಅಂಗಡಿಯಲ್ಲಿ ಇಲ್ಲವಾ ನೀವು?" ಎಂದು ಕೇಳಿದಳು. ಊಟದ ಹೊತ್ತು ಎಂದೆ. ಊಟ ಸೇರದೆ ವಾರವಾಗಿತ್ತು.

ಇಕಾಮಾದ ಅವಧಿ ಮುಗಿಯುವುದು ಹತ್ತಿರ ಬಂದಾಗಲೇ ಬಾಬಾನ ಮೊಮ್ಮಗನ ಮದುವೆ ಬಂತು. ಮಗನು ತಿರುಗಿ ಹೇಳಿದ್ದ, ಮದುವೆ ಮುಗಿದ ಮೇಲೆ ಅಂಗಡಿಯ ಬಾಗಿಲು ಎಳೆಯುವುದು, ಸುಗಂಧದ್ರವ್ಯದವನು ಬಾಡಿಗೆಗೆ ಕೇಳಿದ್ದಾನೆ ಎಂದು. ಮದುವೆಯ ಹಿಂದಿನ ದಿನ ಬೆಳಿಗ್ಗೆ ಬಾಬಾ ತನ್ನ ಕೋವಿಯನ್ನು ತಂದ. ಒರೆಸಿದ, ಕುದುರೆಯನ್ನು ಹಿಂದಕ್ಕೆ ಎಳೆದ. ಒಳಗೆ ಟಕ್ ಎಂದಿತು. ಕುದುರೆ ಅವನ ಹೆಬ್ಬೆರಳಿನ ಕೆಳಗೆ ಸತ್ತ ಹಕ್ಕಿಯ ಕುತ್ತಿಗೆಯಂತೆ ಜೋತು ಬಿತ್ತು.

ಬಾಬಾ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡ. ಮರುದಿನ ಇಡೀ ಗುಡ್ಡ ಬರುವುದಿತ್ತು. ಮದುಮಗನ ಅಪ್ಪನೇ, ಅಂದರೆ ಅವನ ಮಗನೇ, ಮೊದಲು ಹಾರಬೇಕಿತ್ತು.

"ಅಮೆರಿಕದಿಂದ ಬರುವುದಿಲ್ಲವಾ?"

"ಬರುವುದಿಲ್ಲ ಬಾಬಾ. ಬರುವುದೇ ಇಲ್ಲ."

"ಹಾಗಾದರೆ ಮಾಡು," ಎಂದ. ನನ್ನ ಮುಖ ನೋಡಲಿಲ್ಲ.

ಮಾಡಿದೆ. ಮೊದಲನೆಯದು ಎಣ್ಣೆಗೆ ಬಿದ್ದ ಕೂಡಲೇ ಚಿಟ್ ಎಂದು ಬಿರಿಯಿತು. ಅವಸರದಲ್ಲಿ ಹೆಚ್ಚು ಕಾಯಿಸಿಬಿಟ್ಟಿದ್ದೆ. ಬಾಬಾ "ಯಲ್ಲಾ, ಇನ್ನೊಂದು" ಎಂದ ಅಷ್ಟೆ, ಬೈಯಲಿಲ್ಲ. ತಾನೇ ಬಂದು ಇದ್ದಿಲಿಗೆ ಗಾಳಿ ಹಾಕಿದ. ಎರಡನೆಯದನ್ನು ಬಣ್ಣ ನೋಡಿ ನೋಡಿ ತೆಗೆದೆ. ಎಣ್ಣೆಯಲ್ಲಿ ಅದ್ದಿ, ಅದರ ಮೈಗೆ ಅಂಟಿದ ಎಣ್ಣೆಯನ್ನು ಮತ್ತೆ ಕೆಂಡದ ಮೇಲೆ ಉರಿಸಿ ಹದ ಕೊಟ್ಟೆ. ಬೀಗದೊಳಗೆ ಕೂರಿಸಿ ಕುದುರೆ ಎಳೆದು ಬಿಟ್ಟಾಗ ಬಂದ ಶಬ್ದ ಗಂಟೆಯ ಹಾಗಿತ್ತು. ತೆಂಗಿನೆಣ್ಣೆಯ ಹೊಗೆ ಅಂಗಡಿಯ ತುಂಬ ಇತ್ತು. ಬಾಬಾ ಮೂಗು ಮುಚ್ಚಿಕೊಳ್ಳಲಿಲ್ಲ.

ಮರುದಿನ ಅಸರ್ ಆದ ಮೇಲೆ ಬಯಲಿನಲ್ಲಿ ಸಾಲು ನಿಂತಿತು. ನಾನು ಚಹಾ ಕೊಡುವವರ ಹತ್ತಿರ ನಿಂತಿದ್ದೆ. ಬಾಬಾನ ಮಗ ಅಂಗಿಯ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ ಓಡಿ ಬಂದ, ಹಾರಿದ. ಬೆಂಕಿ ಎದ್ದಿತು, ಬೆಟ್ಟದಿಂದ ಶಬ್ದ ತಿರುಗಿ ಬಂತು. ಮತ್ತೆ ಮದ್ದು ತುಂಬಿ ಇನ್ನೊಂದು ಸಲ ಹಾರಿದ, ಆಗಲೂ ಸಿಡಿಯಿತು. ಅವನ ಹಿಂದೆ ಬಂದ ಕೆಂಪು ಗಡ್ಡದವನ ಮಗ ಹಾರಿದಾಗ ಬರೀ ಕಟಕ್ ಎಂದಿತು. ಮತ್ತೊಬ್ಬನದೂ ಹಾಗೆಯೇ. ಅಸಲಿ ಮಾಲಿಗೆ ಕಾದು ಕೂತ ಕೋವಿಗಳು ಅವು. ಹುಡುಗರು ಕಪ್ಪೆಯ ಹಾಗೆ ವಟಗುಟ್ಟಿ ತಮಾಷೆ ಮಾಡಿದರು. ಬಾಬಾನ ಮಗ ಮಾತ್ರ ಹಾರಿದಷ್ಟು ಸಲವೂ ಬೆಂಕಿ ಎಬ್ಬಿಸಿದ. ಇಳಿದು ಬಂದಾಗ ಮುಖದ ತುಂಬ ಮಸಿ, ನಗು.

ಸುತ್ತ ಜನ ಸೇರಿದರು. ಕೆಂಪು ಗಡ್ಡದವನು ಕೋವಿಯನ್ನು ಕಿತ್ತುಕೊಂಡು ಕುದುರೆ ಎಳೆದು ನೋಡಿ ಕೂಗಿದ, "ಬಂದಿದೆ! ವಲ್ಲಾ, ಅಮೆರಿಕದಿಂದ ಬಂದಿದೆ! ಮುಚ್ಚಿಟ್ಟಿದ್ದೀರಿ ಕಳ್ಳರು!"

ಬಾಬಾ ನನ್ನ ಕಡೆ ನೋಡಿದ. ಆ ನೋಟ ನನಗೆ ಅರ್ಥವಾಯಿತು. ಸುಮ್ಮನಿರು, ಇವರು ಹಾಗೇ ತಿಳಿದುಕೊಳ್ಳಲಿ, ಕೋವಿಗಳೆಲ್ಲ ತಿರುಗಿ ಬರುತ್ತವೆ, ನಿನ್ನ ಇಕಾಮಾ ಉಳಿಯುತ್ತದೆ ಎಂದು ಆ ಕಣ್ಣು ಹೇಳುತ್ತಿತ್ತು. ಸುಮ್ಮನಿರಲು ನನ್ನಿಂದಾಗಲಿಲ್ಲ.

"ಅಮೆರಿಕದ್ದಲ್ಲ. ನಾನು ಮಾಡಿದ್ದು. ನಿನ್ನೆ. ಪಿಕಪ್ಪಿನ ಸ್ಪ್ರಿಂಗಿನಿಂದ."

 ಸುತ್ತ ನಗು ಶುರುವಾಯಿತು.

"ಪಿಕಪ್ಪಿನದ್ದಂತೆ! ಹಾಗಾದರೆ ಹಾರ್ನೂ ಉಂಟಾ ಇದರಲ್ಲಿ?"

"ಹಿಂದಿ ಹುಷಾರಿ. ಬಂದದ್ದು ನಾಲ್ಕೇ ನಾಲ್ಕು ಇರಬೇಕು. ದೊಡ್ಡವರಿಗೆ ಮಾತ್ರ ಇಟ್ಟಿದ್ದಾನೆ."

"ಅಲ್ಲಾಹನಾಣೆ, ನಾನೇ ಮಾಡಿದ್ದು!"

ಕೆಂಪು ಗಡ್ಡದವನು ನನ್ನ ಹೆಗಲ ಮೇಲೆ, ಆ ನೋವಿನ ಹೆಗಲ ಮೇಲೆಯೇ, ಕೈ ಇಟ್ಟು ಪ್ರೀತಿಯಿಂದ ಹೇಳಿದ, "ವ್ಯಾಪಾರಕ್ಕೆ ಆಣೆ ಹಾಕಬಾರದು ಮುಅಲ್ಲಿಮ್, ಪಾಪ ಬರ್ತದೆ. ನನಗೊಂದು ತೆಗೆದಿಡು."

ಮರುದಿನ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಓಣಿಯಲ್ಲಿ ಪಿಕಪ್ಪುಗಳು ನಿಂತಿದ್ದವು. ಗೂಟಗಳು ಸಾಲದೆ ನೆಲದ ಮೇಲೆ ಒರಗಿಸಬೇಕಾಯಿತು. ಸುಗಂಧದ್ರವ್ಯದವನು ಬಂದು ನೋಡಿ ತಿರುಗಿ ಹೋದ. ಬಾಬಾನ ಮಗ ತನ್ನ ಹೆಸರನ್ನು ಅಂಗಡಿಗೆ ಹಾಕಿಸಿದ. ನನ್ನ ಇಕಾಮಾ ರಿನ್ಯೂ ಆಗಿ ಬಂತು. ರಾಬಿಗಿನ ಮಾತನ್ನು ಯಾರೂ ಎತ್ತಲಿಲ್ಲ. ನಾನು ಬೆಳಗಿನಿಂದ ಸಂಜೆಯವರೆಗೆ ಕುಲುಮೆಯ ಮುಂದೆಯೇ ಇದ್ದೆ. ಬಾಗಿಲು ತೆರೆದೇ ಇರುತ್ತಿತ್ತು, ಸುತ್ತಿಗೆಯ ಪೆಟ್ಟು ಓಣಿಗೆಲ್ಲ ಕೇಳುತ್ತಿತ್ತು, ಮುರಿದ ಪಿಕಪ್ಪಿನ ಸುರುಳಿಗಳು ಬಾಗಿಲಲ್ಲೇ ರಾಶಿ ಬಿದ್ದಿದ್ದವು. ಬಂದವರು ಅವನ್ನು ದಾಟಿಕೊಂಡೇ ಒಳಗೆ ಬಂದು, ದನಿ ತಗ್ಗಿಸಿ, "ಆ ಅಮೆರಿಕದ್ದು ಉಂಟಲ್ಲ, ಅದು" ಎನ್ನುತ್ತಿದ್ದರು. ನಾನು ಮಾಡುವುದು ಎಂದರೆ ಕಣ್ಣು ಹೊಡೆಯುತ್ತಿದ್ದರು.

ಎಷ್ಟು ದಿನ ಹೇಳುವುದು? ಪ್ರತಿಯೊಬ್ಬನಿಗೂ ಹೇಳಿದೆ. ಬಾಬಾ ಒಮ್ಮೆ, "ನಿನಗೆ ಕೆಲಸ ಬೇಕಾ, ಹೆಸರು ಬೇಕಾ?" ಎಂದು ರೇಗಿದ. ಎರಡೂ ಬೇಕು ಎಂದೆ. ಅವನು ತಲೆ ಅಲ್ಲಾಡಿಸಿ ನಮಾಜಿಗೆ ಹೋದ.

ಹಜ್ಜಿನ ಗಡಿಬಿಡಿ ಮುಗಿದ ಮೇಲೆ ದೂರದ ಗುಡ್ಡದಿಂದ ಒಬ್ಬ ಕುರಿ ಸಾಕುವವನು ಬಂದ. ಕೋವಿಯನ್ನು ಮೇಜಿನ ಮೇಲಿಟ್ಟು, "ಇದರಲ್ಲಿ ಹಿಂದಿಯ ಸ್ಪ್ರಿಂಗು ಉಂಟು. ಅದನ್ನು ತೆಗೆದು ಬಿಸಾಡಿ ಅಮೆರಿಕದ್ದು ಹಾಕು," ಎಂದ. ನಾನು ಬೀಗ ಬಿಚ್ಚಿದೆ. ಹಿಂದೆ ಎಂದೋ ನಾನೇ ಹಾಕಿದ್ದ ಸ್ಪ್ರಿಂಗು. ನನ್ನ ಅರದ ಗೀರು ನನಗೆ ಗೊತ್ತಾಗದೇ ಇರುತ್ತದೆಯೇ? ಒಂದಿಷ್ಟೂ ಸೋತಿರಲಿಲ್ಲ, ಸುತ್ತ ಮದ್ದಿನ ಮಸಿ ಕಟ್ಟಿ ಬಿಗಿದುಕೊಂಡಿತ್ತು ಅಷ್ಟೆ.

"ಇದಕ್ಕೆ ಏನೂ ಆಗಿಲ್ಲ. ಬಿಸಾಡುವುದು ಬೇಡ. ತೊಳೆದು ಇದನ್ನೇ ಹಾಕ್ತೇನೆ," ಎಂದು ಅವನಿಗೆ ಸ್ಪಷ್ಟವಾಗಿ ಹೇಳಿದೆ.

ಅವನು ನಕ್ಕು, "ಗೊತ್ತು ಗೊತ್ತು, ನೀನು ಹೀಗೇ ಹೇಳ್ತೀಯಂತೆ," ಎಂದು ಹೊರಗೆ ಚಹಾ ಕುಡಿಯಲು ಹೋದ.

ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಅದೇ ಸ್ಪ್ರಿಂಗನ್ನು ಅದೇ ಜಾಗದಲ್ಲಿ ಕೂರಿಸಿದೆ. ಅವನು ಬಂದು ಕುದುರೆಯನ್ನು ಎಳೆದ, ಬಿಟ್ಟ, ಮತ್ತೆ ಎಳೆದ. ಮುಖ ಅರಳಿತು. ಕೋವಿಯನ್ನು ಎದೆಗೆ ಒತ್ತಿಕೊಂಡು ಕೇಳಿದ, "ನೋಡಿದೆಯಾ ಮುಅಲ್ಲಿಮ್ ವ್ಯತ್ಯಾಸ? ಅಮೆರಿಕ ಅಮೆರಿಕವೇ. ಅಲ್ಲವಾ?"

ಬಾಗಿಲಲ್ಲಿ ಇನ್ನಿಬ್ಬರು ಕೋವಿ ಹಿಡಿದು ಕಾಯುತ್ತಿದ್ದರು. ಬಾಬಾ ತಸ್ಬೀಹಿನ ಮಣಿ ಎಣಿಸುವುದನ್ನು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಐವಾ," ಎಂದೆ. "ಹೌದು."